ಲತಾಮಣಿಯ ಹಿಡಿತ

ಎಡ ಮಣಿಕಟ್ಟಿಗೆ ಬಟ್ಟೆಪಟ್ಟಿ ಸುತ್ತಿ ಮುಗಿಸಿದ ಲತಾಮಣಿ, ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬಲಗೈಗೆ ಸುತ್ತುತ್ತಿದ್ದಾರೆ. ಬೆಳಗಿನ ಆರು ಗಂಟೆ. ರಾಮನಗರದ ಹೊರವಲಯದ ಈ ಶೆಡ್ಡಿನಲ್ಲಿ ಆರು ಸಾಲು ವಿಮಾನದ ಸೀಟುಗಳಿವೆ, ವಿಮಾನವಿಲ್ಲ. ಗಗನಸಖಿಯರಾಗಲಿರುವ ಹುಡುಗಿಯರಿಗೆ ಮನೋಹರ್ ಇಲ್ಲಿ ಆತ್ಮರಕ್ಷಣೆ ಕಲಿಸುತ್ತಾರೆ. ಕುಡಿದು ಗಲಾಟೆ ಮಾಡುವ ಪ್ರಯಾಣಿಕನಾಗಿ ಮೂರನೇ ಸಾಲಿನಲ್ಲಿ ಕೂತು ಆ ಹುಡುಗಿಯರ ಕೈ ಹಿಡಿಯುವುದು ಲತಾಮಣಿಯ ಕೆಲಸ, ಬಿಡಿಸಿಕೊಳ್ಳುವುದು ಅವರ ಪಾಠ. ದಿನಕ್ಕೆ ನೂರಿಪ್ಪತ್ತು ಸಲ, ಒಂಬತ್ತು ವರ್ಷದಿಂದ.

"ಇಮಾನ ಹತ್ತೇ ಇಲ್ಲ ನಾನು. ಬೆಲ್ಟ್ ಮಾತ್ರ ಕಣ್ಮುಚ್ಕೊಂಡೂ ಹಾಕ್ಕತೀನಿ" ಎನ್ನುತ್ತಾರೆ.

ಊರು ಬೈರಾಪಟ್ಟಣ, ಕುರಿ ಸಾಕುವ ಮನೆ. ಉಣ್ಣೆ ಕತ್ತರಿಸುವಾಗ ಟಗರುಗಳನ್ನು ಅಲುಗದಂತೆ ಹಿಡಿಯುತ್ತಿದ್ದ ಕೈ. ಗಂಡ ತೀರಿಕೊಂಡ ಮೇಲೆ ಇಲ್ಲಿ ಕಸ ಗುಡಿಸಲು ಸೇರಿದರು. ಒಂದು ದಿನ ಪ್ರಯಾಣಿಕನಾಗಬೇಕಿದ್ದವನು ಬರಲಿಲ್ಲ, ಮನೋಹರ್ ಇವರನ್ನೇ ಕೂರಿಸಿದರು. ಅಂದು ಒಬ್ಬಳಿಗೂ ಕೈ ಬಿಡಿಸಿಕೊಳ್ಳಲಾಗಲಿಲ್ಲ.

ಎರಡು ತಿಂಗಳಿಗೊಂದು ತಂಡ ಕಲಿತು ಹೊರಡುತ್ತದೆ. ಕೊನೆಯ ಫೋಟೊ ತೆಗೆಯುವವರು ಇವರೇ, ಹಾಗಾಗಿ ಯಾವ ಫೋಟೊದಲ್ಲೂ ಇವರಿಲ್ಲ. ಬಾಡಿಗೆ ಕೋಣೆಯಲ್ಲಿ ಮಾತಿಗೆ ಜನವಿಲ್ಲ. "ದಿನಾ ಕೈ ಹಿಡೀತೀನಿ. ಎಲ್ರೂ ಬುಡಿಸ್ಕೊಳ್ಳೋರೇ" ಎಂದು ನಗುತ್ತಾರೆ.

ಈ ತಂಡದಲ್ಲಿ ಮಾಗಡಿಯ ಸಿರಿ ಇದ್ದಾಳೆ. ದಿನವೂ ಇಡ್ಲಿಯ ಡಬ್ಬಿ ಹಿಡಿದು ಬಂದು ಲತಾಮಣಿಯ ಪಕ್ಕದಲ್ಲೇ ಕೂರುವವಳು ಅವಳೊಬ್ಬಳೇ. ನಿನ್ನೆ ಮಣಿಕಟ್ಟು ಹಿಡಿದಾಗ ಅವಳು ಹೆದರಿ ಮರಗಟ್ಟಿಬಿಟ್ಟಳು. ಬೆದರಿ ನಿಂತ ಕುರಿಯ ಮೇಲೆ ಹಿಡಿತ ಸಡಿಲಿಸಬೇಕು, ಇಲ್ಲದಿದ್ದರೆ ಅದು ಮತ್ತೆ ಒದ್ದಾಡಿ ಕತ್ತರಿ ತಾಗುತ್ತದೆ. ಆ ರೂಢಿಯಲ್ಲೇ ಲತಾಮಣಿಯ ಬೆರಳುಗಳು ತಾವಾಗಿ ಸಡಿಲಿದವು. ಸಿರಿಯ ಕೈ ಹೊರಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ತಾನೇ ಬಿಡಿಸಿಕೊಂಡೆನೆಂದು ಅವಳು ನಂಬಿದ್ದಾಳೆ.

ಇವತ್ತು ಕೊನೆಯ ಪರೀಕ್ಷೆ. ಪಾಸಾದರೆ ಮುಂದಿನ ವಾರವೇ ವಿಮಾನ. ಅಲ್ಲಿ ಕೈ ಹಿಡಿಯುವವನಿಗೆ ಕುರಿ ಸಾಕಿ ಗೊತ್ತಿರುವುದಿಲ್ಲ.

"ಲತಕ್ಕಾ, ಇವತ್ತು ಒಸಿ ಮೆತ್ತಗೆ ಹಿಡ್ಕಳಕ್ಕಾ" ಎನ್ನುತ್ತ ಸಿರಿ ಒಳಗೆ ಬರುತ್ತಾಳೆ. "ಚಟ್ನಿ ಜಾಸ್ತಿ ತಂದಿವ್ನಿ. ಲಂಚ ಅಂತ್ಲೇ ಇಟ್ಕೊ."

"ಮೊದ್ಲು ಬೂಟಿನ ಲೇಸು ಕಟ್ಕೊ, ಹೋಗು."

ಸಿರಿ ಆಚೆ ಹೋದ ಮೇಲೆ ಲತಾಮಣಿ ಬಲಗೈಯ ಪಟ್ಟಿ ಬಿಚ್ಚಿ, ಮೊದಲಿಗಿಂತ ಬಿಗಿಯಾಗಿ ಸುತ್ತುತ್ತಾರೆ. ಆ ಹುಡುಗಿ ತಾನಾಗಿ ಬಿಡಿಸಿಕೊಳ್ಳುವ ತನಕ ಇವತ್ತು ಬಿಡುವುದಿಲ್ಲ. ಫೇಲಾದರೂ ಸರಿ, ನಾಳೆಯಿಂದ ಇಡ್ಲಿಯ ಡಬ್ಬಿ ಬೇರೆ ಕಡೆ ಹೋಗಿ ಕೂತರೂ ಸರಿ.

"ಏನಕ್ಕಾ, ರೆಡಿನಾ?" ಎಂದು ಮನೋಹರ್ ಕೇಳುತ್ತಾರೆ.

"ಹೂಂ" ಎಂದಷ್ಟೇ ಹೇಳಿ, ಮೂರನೇ ಸಾಲಿಗೆ ಹೋಗಿ ಬೆಲ್ಟ್ ಹಾಕಿಕೊಳ್ಳುತ್ತಾರೆ.