ಅತ್ತೆಯವರು ಬಿಟ್ಟ ಜೋಳ

ನಿನ್ನೆ ರೇಷನ್ ಅಂಗಡಿಯಿಂದ ತಂದ ಜೋಳದ ಚೀಲ ಬಿಚ್ಚಿದೆ ನೋಡಿ, ಮುಗ್ಗು ವಾಸನೆ ಮೂಗಿಗೆ ರಪ್ಪನೆ ಬಡಿಯಿತು. ನೆಲದೊಳಗಿನ ಹಗೇವಿಗೆ ಮಳೆನೀರು ಇಳಿದು ಕೆಟ್ಟ ಜೋಳದ ವಾಸನೆ ಅದು. ಒಮ್ಮೆ ಮೂಸಿದವರು ಮರೆಯುವಂತಿಲ್ಲ. ಕಾಳಿಗಿಂತ ನುಸಿಯೇ ಹೆಚ್ಚು. ಲಡಾಯಿ ಮುಗಿದರೂ ರೇಷನ್ ಮುಗಿಯಲಿಲ್ಲ. ಅಕ್ಕಿ, ಗೋದಿ, ಸಜ್ಜೆ ಕಣ್ಣಿಗೆ ಬಿದ್ದು ಎಷ್ಟೋ ದಿನವಾಗಿದೆ. ಗೋಕಾಕದ ಮಂದಿಯೆಲ್ಲ ಈ ಜೋಳವನ್ನೇ ಬೈಯುತ್ತ ತಿನ್ನುತ್ತಾರೆ. ನಮ್ಮ ಅತ್ತೆಯವರು ಮಾತ್ರ ಮುಟ್ಟುತ್ತಿರಲಿಲ್ಲ. ಬೇಳೆಕಟ್ಟು, ಮಜ್ಜಿಗೆ ಕುಡಿದುಕೊಂಡೇ ದಿನ ದೂಡುತ್ತ, ಎದ್ದರೆ ಗೋಡೆ ಹಿಡಿಯುವ ಹಾಗಾಗಿದ್ದರು. ಯಾಕೆ ಎಂದು ಕೇಳುತ್ತೀರಾ? ಹೇಳುತ್ತೇನೆ. ಮಾತಿಗೇನೂ ನಾನು ಬಡವಳಲ್ಲ.

ಲಡಾಯಿಗೂ ಎಷ್ಟೋ ವರ್ಷ ಮೊದಲು, ನಾನು ಕಣಗಲಾದಿಂದ ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲೇ ಪೇಟೆ ಬಿತ್ತು. ಮಾವನವರ ಅರಿವೆ ಅಂಗಡಿಗೆ ಗಿರಾಕಿಗಳೇ ಇಲ್ಲ. "ಎಲ್ಲಾ ಸೋವಿ ಆಗೈತಿ, ಕೊಳ್ಳಾಕ ಯಾರ ಕೈಯಾಗೂ ಏನಿಲ್ಲ" ಎನ್ನುತ್ತ ಒಂದು ದಿನ ಬಾಗಿಲು ಎಳೆದುಕೊಂಡು ಬಂದವರು ಮತ್ತೆ ತೆರೆಯಲಿಲ್ಲ. ನನ್ನ ಗಂಡ ಕೆಲಸ ಹುಡುಕಿಕೊಂಡು ಊರೂರು ತಿರುಗುತ್ತಿದ್ದರು. ಊರಿನ ಜೈನರಲ್ಲಿ ನಮ್ಮದು ಹೆಸರಿನ ಮನೆ. ಹೆಸರನ್ನು ಬೇಯಿಸಿ ಉಣ್ಣಲು ಬರುವುದಿಲ್ಲವಲ್ಲ!

ಅತ್ತೆಯವರು ಯಾರನ್ನೂ ಕೇಳಲಿಲ್ಲ. ಮೊರ, ಜರಡಿ ಹಿಡಿದು ಬೀದಿಕಟ್ಟೆಯ ಮೇಲೆ ಕೂತು ಓಣಿಗೆಲ್ಲ ಕೇಳುವಂತೆ ಹೇಳಿದರು: "ಯಾರ ಮನ್ಯಾಗ ಕಾಳು ಹಸನ ಮಾಡೂದೈತಿ, ತಗೊಂಬರ್ರಿ. ಒಂದ ಹರಳ ಸಿಕ್ರ ನನ್ನ ಕೇಳ್ರಿ."

ಮಾವನವರು ತಲೆ ತಗ್ಗಿಸಿ ಒಳಗೆ ಹೋದರು. ಆದರೆ ಕಾಳು ಬಂತು. ಮದುವೆ ಮನೆಯ ಅಕ್ಕಿ ಬಂತು, ಅಂಗಡಿಕಾರರ ತೊಗರಿ ಬಂತು. ಕೂಲಿಗೆ ಅದೇ ಕಾಳು. ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡರು. ನಾನು ಕೇರಿದರೆ ಕಾಳು ನೆಲದ ಮೇಲೆ, ಕಲ್ಲು ಮೊರದಲ್ಲಿ! "ಅಲ್ಲ ನಮ್ಮವ್ವಾ, ಓಣ್ಯಾನ ಕೋಳಿ ಎಲ್ಲಾ ನಿನಗ ಪುಣ್ಯಾ ಬರ್ಲಿ ಅಂತಾವು" ಎಂದು ಅತ್ತೆಯವರು ನಗುತ್ತಿದ್ದರು.

ಅವರದೊಂದು ಕಟ್ಟಳೆ: ನುಸಿಯನ್ನು ಕೊಲ್ಲಬಾರದು. ಬೇರೆಯವರು ಕಾಳನ್ನು ಉರಿಬಿಸಿಲಿಗೆ ಹರವಿ ಕೈತೊಳೆದುಕೊಳ್ಳುತ್ತಾರೆ. ಇವರು ಮೆಲ್ಲಗೆ ಜರಡಿ ಹಿಡಿದು, ನುಸಿಯನ್ನು ಒಂದು ಹಿಡಿ ಕಾಳಿನ ಜೊತೆ ಹಿತ್ತಲಿನ ನೆರಳಿಗೆ ಬಿಟ್ಟು ಬರುವವರು. "ಅವಕ್ಕೂ ಹೊಟ್ಟಿ ಐತಲ್ಲವಾ" ಎನ್ನುವರು. ನನಗೆ ಒಳಗೊಳಗೇ ನಗು. ನುಸಿಗೆ ಬುತ್ತಿ ಕಟ್ಟಿ ಕಳಿಸುವವರನ್ನು ನಾನು ಎಲ್ಲೂ ಕಂಡಿರಲಿಲ್ಲ.

ಮಳೆಗಾಲ ಕಳೆದ ಮೇಲೆ ಮೂಡಲಗಿಯ ಸಾಹುಕಾರರೊಬ್ಬರು ಗಾಡಿಗಟ್ಟಲೆ ಜೋಳ ತಂದು ಅಂಗಳದಲ್ಲಿ ಇಳಿಸಿದರು. ದರ ಏರೀತೆಂದು ಹಗೇವಿನಲ್ಲಿ ಇಟ್ಟೂ ಇಟ್ಟೂ ನುಸಿ ಹತ್ತಿಸಿಕೊಂಡಿದ್ದರು.

"ಸಂತಿ ದಿನಕ್ಕ ಹಸನ ಆಗಬೇಕ್ರಿ ಅಕ್ಕಾರ. ಬಿಸಲಿಗೆ ಹರವ್ರಿ, ಲಗೂ ಆಗತೈತಿ. ಇದನ್ನ ಮಾಡಿಕೊಟ್ರ ಮುಂದಿನ ಮಾಲೂ ನಿಮಗ."

"ಬಿಸಲಿಗೆ ಹರವೂದಿಲ್ರಿ."

"ಹಂಗಾದ್ರ ನಾಳೆ ಗಾಡಿ ತಂದು ಹೊಳ್ಳಿ ಒಯ್ತೇನಿ, ನೋಡ್ರಿ" ಎಂದು ಅವರು ಹೊರಟುಹೋದರು.

ತಿಂಗಳುಗಟ್ಟಲೆ ಸುಮ್ಮನಿದ್ದ ಮಾವನವರು ಆಗ ಸಿಡಿದೆದ್ದರು: "ಬಸರ ಹುಡಿಗಿ ಗಂಜಿ ಕುಡದ ಮಲಗಾಕತ್ತೈತಿ. ನುಸೀನ ಸಾಕ್ತಿಯೋ, ಮನಿ ಮಂದೀನ ಸಾಕ್ತಿಯೋ? ಹೇಳಿಬಿಡು!"

ಆ ಬಸುರಿ ನಾನೇ. ಮರುದಿನ ಹೊತ್ತು ಏರುತ್ತಲೇ ಅತ್ತೆಯವರು ಜೋಳವನ್ನು ತಾವೇ ಬಿಸಿಲಿಗೆ ಹರವಿದರು. ಕಾಳು ಕಾದಂತೆ ನುಸಿ ದಿಕ್ಕುಗೆಟ್ಟು ಹರಿದಾಡಿದವು. ಸೆರಗಿನಿಂದ ಒಂದಿಷ್ಟನ್ನು ನೆರಳಿಗೆ ದೂಡಿದರು, ಎಷ್ಟನ್ನು ದೂಡಿಯಾರು? ಅಳುತ್ತ ದೂಡಿದರು. ನಾನು ನೋಡಲಾರದೆ ಒಳಗೆ ಬಂದುಬಿಟ್ಟೆ.

ಸಾಹುಕಾರರ ಮಾಲು ವರ್ಷವಿಡೀ ಬಂತು. ನನ್ನ ಮಗ ಗುಂಡುಕಲ್ಲಿನಂತೆ ಹುಟ್ಟಿದ. ಆದರೆ ಜೋಳ ಹರವಿದ ದಿನವೇ ಅತ್ತೆಯವರು ಬಸ್ತಿಗೆ ಹೋಗಿ, ದೇವರ ಮುಂದೆ ಇನ್ನು ಬದುಕಿರುವ ತನಕ ಜೋಳ ಉಣ್ಣುವುದಿಲ್ಲವೆಂದು ಬಿಟ್ಟು ಬಂದಿದ್ದರು. ಈ ಸೀಮೆಯಲ್ಲಿ ಜೋಳ ಬಿಡುವುದೆಂದರೆ ಊಟವನ್ನೇ ಬಿಟ್ಟ ಹಾಗೆ. ನಮಗೆಲ್ಲ ರೊಟ್ಟಿ ಬಡಿದು ಕೊಟ್ಟು ತಾವು ಅಕ್ಕಿನುಚ್ಚು ಉಣ್ಣುವರು. ಮಾವನವರು ಆ ತಾಟನ್ನು ದಿನಾ ನೋಡುವರು. ಇಬ್ಬರ ನಡುವೆ ಆ ಮಾತು ಒಂದು ದಿನವೂ ಬರಲಿಲ್ಲ. ನನ್ನಂಥ ಬಾಯಿಬಡುಕಿಯೂ ಎತ್ತಲಿಲ್ಲ.

ನಿನ್ನೆ ಮಧ್ಯಾಹ್ನ ಅತ್ತೆಯವರು ನೀರು ಕುಡಿಯಲು ಎದ್ದವರು ತಲೆ ತಿರುಗಿ ಕುಸಿದರು. ಎತ್ತಿ ಕೂರಿಸಿದೆವು. ನಾವು ಜೈನರು, ಹೊತ್ತು ಮುಳುಗುವ ಮೊದಲೇ ನಮ್ಮ ಊಟ ಮುಗಿಯಬೇಕು. ತಾಟಿಗೆ ರೊಟ್ಟಿ ಹಾಕಿದರೆ ಮಾವನವರು ತಾಟನ್ನೇ ಹಿಂದಕ್ಕೆ ಸರಿಸಿದರು.

"ಅವತ್ತ ಅಂದಾಂವ ನಾ. ಪಾಪ ನಂದು. ಇನ್ನ ಜ್ವಾಳ ನಾ ಬಿಡ್ತೇನಿ, ನೀ ಉಣ್ಣು."

"ಕರ್ಮ ಹಂಗ ಕೈ ಬದಲಿ ಆಗೂದಿಲ್ರಿ" ಎಂದರು ಅತ್ತೆಯವರು.

"ಆಗದಿದ್ರ ಬಿಡು. ನಾನೂ ನಿನ್ನಂಗ ಉಪಾಸ."

ಇಳಿಬಿಸಿಲು ಮಾಡಿನ ತುದಿಯಲ್ಲಷ್ಟೇ ಉಳಿದಿತ್ತು. ಮಾವನವರು ಏಳಲೆಂದು ನೆಲಕ್ಕೆ ಕೈಯೂರಿದರು. ಅತ್ತೆಯವರು ಆ ಕೈ ಹಿಡಿದು ತಡೆದರು. ಆಮೇಲೆ ತಾಟನ್ನು ಎಳೆದುಕೊಂಡು ರೊಟ್ಟಿ ಮುರಿದು ಅರ್ಧವನ್ನು ಅವರ ಕೈಗಿಟ್ಟರು.

"ಈ ವಯಸ್ಸಿನ್ಯಾಗ ನಿಮ್ಮನ್ನ ಉಪಾಸ ಕೆಡವಿದ್ರ ಅದೂ ಹಿಂಸಾನ ಅಲ್ಲೇನ್ರಿ? ಉಣ್ರಿ."

ಉಳಿದರ್ಧದಿಂದ ಒಂದು ಚೂರು ತಮ್ಮ ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದರು.

"ಅಂಚು ಹಸಿ ಉಳದೈತಿ" ಎಂದರು ನನಗೆ. "ಇಷ್ಟ ವರ್ಷಾದ್ರೂ ನೀ ಕಲೀಲಿಲ್ಲ ನೋಡು."

ನಾನು ಅಳುತ್ತಲೇ ಇನ್ನೊಂದು ರೊಟ್ಟಿ ಬಡಿಯಲು ಕೂತೆ.