ಬೈಸಿಕೊಳ್ಳುವುದೇ ಕೆಲಸ

1999ರ ಅಕ್ಟೋಬರ್‌ನ ಒಂದು ಭಾನುವಾರ ಮಧ್ಯಾಹ್ನ, ಒಸಾಕಾದ ಬಂದರಿನ ಕಡೆಯ ಹಳೆಯ ಸಭಾಂಗಣದಲ್ಲಿ ನಾನೂರು ಜನ ಎದ್ದು ನಿಂತು ಕಾಮಾಕ್ಷಿಯನ್ನು ಬೈದರು. ಕುತ್ತಿಗೆಗೆ ಟವೆಲು ಸುತ್ತಿಕೊಂಡ ಮುದುಕರು, ಸಮವಸ್ತ್ರದ ಶಾಲಾ ಹುಡುಗಿಯರು, ಕಚೇರಿ ಕೆಲಸದ ಹೆಂಗಸರು, ಎಲ್ಲರೂ ಒಂದೇ ದನಿಯಲ್ಲಿ "ಕಾಯೆರೆ! ಕಾಯೆರೆ!" ಎಂದು ಕೂಗಿದರು. ಯಾರೋ ಚಹಾದ ಖಾಲಿ ಬಾಟಲಿ ಎಸೆದರು. ಅದು ಅವಳ ಭುಜಕ್ಕೆ ಬಡಿದು ಕುಸ್ತಿಯ ರಿಂಗಿನೊಳಗೆ ಉರುಳಿತು. ಆ ಪದದ ಅರ್ಥ ಅವಳಿಗೆ ತಿಳಿದದ್ದು ಮನೆಗೆ ಬಂದು ಗಂಡನನ್ನು ಕೇಳಿದಾಗ. ಶ್ರೀಕಂಠ ಪೇಪರಿನಿಂದ ತಲೆ ಎತ್ತದೆ ಹೇಳಿದ: "ವಾಪಸ್ ಹೋಗು ಅಂತ."

ಮೈಸೂರಿನ ಪೊಲೀಸ್ ಹೆಡ್ ಕಾನ್‌ಸ್ಟೆಬಲ್ ಒಬ್ಬರ ಮಗಳು ಕಾಮಾಕ್ಷಿ. ಹದಿಮೂರಕ್ಕೇ ಜೂಡೋ ಹಿಡಿದವಳು, ರಾಷ್ಟ್ರಮಟ್ಟದಲ್ಲಿ ಎರಡು ಬಾರಿ ಬೆಳ್ಳಿ ಗೆದ್ದವಳು. ಇಪ್ಪತ್ತಾರಕ್ಕೆ ಮದುವೆ. ಶ್ರೀಕಂಠ ಬ್ಯಾಂಕುಗಳ ಹಳೆಯ ಕಂಪ್ಯೂಟರ್ ಪ್ರೋಗ್ರಾಮುಗಳಲ್ಲಿ ಎರಡು ಸಾವಿರನೇ ಇಸವಿಯ ದೋಷ ಸರಿಪಡಿಸುವ ಕೆಲಸದವನು. ಕಂಪನಿ ಅವನನ್ನು ಒಸಾಕಾಕ್ಕೆ ಕಳಿಸಿದಾಗ ಇವಳೂ ಬಂದಳು. ಅವನು ಬೆಳಿಗ್ಗೆ ಏಳಕ್ಕೆ ಹೋದರೆ ಮನೆ ಸೇರುವಾಗ ಅವಳು ಮಲಗಿರುತ್ತಿದ್ದಳು. ಮೂರು ತಿಂಗಳು ಗೋಡೆ ನೋಡಿಕೊಂಡು ಕೂತವಳು ಒಂದು ದಿನ ಬೀದಿಯ ಕೊನೆಯ ಜೂಡೋ ಶಾಲೆಗೆ ಹೋಗಿ, ಕೈಸನ್ನೆಯಲ್ಲೇ ಕೇಳಿ, ಸೇರಿಕೊಂಡಳು.

ಅಲ್ಲಿ ಅವಳನ್ನು ನೋಡಿದವನು ತನಿಗುಚಿ. ಹೆಂಗಸರ ವೃತ್ತಿಪರ ಕುಸ್ತಿಯ ಒಂದು ಸಣ್ಣ ತಂಡದ ಯಜಮಾನ. ಅವನಿಗೆ ಬೇಕಿದ್ದುದು ಜನ ದ್ವೇಷಿಸುವಂಥ ಒಬ್ಬ ಪರದೇಶಿ. ಮೊದಲು ಅವಳಿಗೆ ಕಾಳಿ ಎಂದು ಹೆಸರಿಡಲು ಹೊರಟ.

"ದೇವರ ಹೆಸರು ಬೇಡ," ಎಂದಳು ಕಾಮಾಕ್ಷಿ, ಅರೆಬರೆ ಜಪಾನಿಯಲ್ಲಿ. "ಬೇಕಾದರೆ ಹಾವಿನ ಹೆಸರಿಡಿ. ಇಲ್ಲವಾದರೆ ನಾನು ಬರುವುದಿಲ್ಲ."

ಹಾಗಾಗಿ ಅವಳು ಕೋಬ್ರಾ ಆದಳು. ಹಸಿರು ಉಡುಪು, ಅದರ ಮೇಲೆ ಜರಿಯ ಪೊರೆ. ಎದುರಾಳಿ ಕೈ ಚಾಚಿದರೆ ಬೆರಳು ತಿರುಚುವುದು, ಬಿದ್ದವಳ ಕೈ ತುಳಿಯುವುದು, ರೆಫರಿಯ ಕಣ್ಣು ತಪ್ಪಿಸಿ ಕತ್ತು ಹಿಸುಕುವುದು ಅವಳ ಕೆಲಸ. ಗೆಲ್ಲುವವರು ಯಾರೆಂದು ಮೊದಲೇ ನಿಶ್ಚಯವಾಗಿರುತ್ತಿತ್ತು. ಆದರೆ ಏಟು ಏಟೇ, ಬಿದ್ದರೆ ನೆಲ ನೆಲವೇ. ತಲೆಕೆಳಗಾಗಿ ಎತ್ತಿದವಳು ಸರಿಯಾಗಿ ಇಳಿಸುತ್ತಾಳೆಂಬ ನಂಬಿಕೆಯ ಮೇಲೆ ಆ ಆಟವೆಲ್ಲ ನಿಂತಿತ್ತು.

ಕುರೊಸಾಕಿ ಫುಮಿಯೆಯ ಮೇಲೆ ಆ ನಂಬಿಕೆ ಇಡುವಂತಿರಲಿಲ್ಲ. ಅವಳು ತಂಡದ ತಾರೆ. ಹದಿನೈದನೇ ವಯಸ್ಸಿಗೆ ತಂಡಕ್ಕೆ ಸೇರಿ, ಮೂರು ವರ್ಷ ಹಿರಿಯರ ಬಟ್ಟೆ ಒಗೆದು, ಶೌಚಾಲಯ ತೊಳೆದು, ಆಮೇಲೆ ರಿಂಗ್ ಹತ್ತಿದವಳು. ಐದೇ ತಿಂಗಳ ತರಬೇತಿಯಲ್ಲಿ ಒಬ್ಬ ಪರದೇಶಿ ಗೃಹಿಣಿ ತನ್ನ ಎದುರು ನಿಲ್ಲುವುದನ್ನು ಅವಳು ಮುಚ್ಚುಮರೆಯಿಲ್ಲದೆ ದ್ವೇಷಿಸಿದಳು. ಕಾಮಾಕ್ಷಿಯ ಚೀಲ ಇಂಗಿನ ವಾಸನೆ ಬರುತ್ತದೆಂದು ಹೊರಗಿನ ಮೆಟ್ಟಿಲ ಮೇಲೆ ಇಡಿಸಿದಳು. ಅಭ್ಯಾಸ ಮುಗಿದ ಮೇಲೆ ಹಾಸುಗಳನ್ನೆಲ್ಲ ಅವಳೊಬ್ಬಳಿಂದಲೇ ಒರೆಸಿಸಿದಳು. ಎಲ್ಲರೂ ಒಂದೇ ಪಾತ್ರೆಯಿಂದ ಬಡಿಸಿಕೊಂಡು ಉಣ್ಣುವಾಗ, "ಅವಳಿಗೆ ಆಮೇಲೆ," ಎಂದಳು. ಕಾಮಾಕ್ಷಿ ಬುತ್ತಿ ತೆಗೆದು ಅವಳ ಎದುರಿಗೇ ಕೂತು ಮೊಸರನ್ನ ತಿಂದಳು.

ನವೆಂಬರಿನ ಪಂದ್ಯದಲ್ಲಿ ಕುರೊಸಾಕಿ ಅಂಗೈಯನ್ನು ಬಟ್ಟಲಿನಂತೆ ಮಡಿಸಿ ಕಾಮಾಕ್ಷಿಯ ಎಡಗಿವಿಗೆ ಬಾರಿಸಿದಳು. ಕಿವಿಯ ತಮಟೆ ಹರಿದಿದೆ ಎಂದರು ಡಾಕ್ಟರು.

"ಅದು ಆಟದ ಏಟಲ್ಲ," ಎಂದು ಅವಳು ತನಿಗುಚಿಯ ಮುಂದೆ ನಿಂತಳು.

"ಗೊತ್ತು," ಎಂದ ಅವನು. "ಆದರೆ ಜನ ಬರುವುದು ಕುರೊಸಾಕಿಯನ್ನು ನೋಡೋಕೆ. ನಾನು ಏನೂ ಹೇಳಲಾರೆ."

ಆ ತಿಂಗಳೇ ಕೋಬೆಯಲ್ಲಿ ಕನ್ನಡದ ಕುಟುಂಬಗಳೆಲ್ಲ ಸೇರಿ ರಾಜ್ಯೋತ್ಸವ ಮಾಡಿದವು. ಬಿಸಿಬೇಳೆಬಾತ್ ಬಡಿಸುವ ಹೊತ್ತಿಗೆ ಚಂದ್ರಮೌಳಿ, ಶ್ರೀಕಂಠನ ಪ್ರಾಜೆಕ್ಟಿನ ಹಿರಿಯ ಮ್ಯಾನೇಜರು, ಕುಸ್ತಿ ಪತ್ರಿಕೆಯೊಂದನ್ನು ಮೇಜಿನ ಮೇಲಿಟ್ಟರು. ಒಂದು ಪುಟದಲ್ಲಿ ಕಾಮಾಕ್ಷಿ ಹಲ್ಲು ಕಿರಿದು ಒಬ್ಬ ಹುಡುಗಿಯ ಕತ್ತು ಹಿಡಿದಿದ್ದಳು.

"ಇದು ನಿಮ್ಮ ಮಿಸೆಸ್ಸು ಅಲ್ವಾ ಶ್ರೀಕಂಠ? ನಮ್ಮ ಕ್ಲೈಂಟ್ ಒಬ್ಬರು ತೋರಿಸಿದ್ರು. ವೆರಿ ಎಂಬರಾಸಿಂಗ್ ಕಣ್ರೀ. ಇಲ್ಲಿ ನಾವು ಎಷ್ಟು ಡಿಗ್ನಿಫೈಡ್ ಆಗಿ ಇದೀವಿ."

ಶ್ರೀಕಂಠ ಕೆಂಪಾದ. ಕಾಮಾಕ್ಷಿ ಪತ್ರಿಕೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಇದು ನನ್ನ ಕಾಪಿ ಅಂದ್ಕೊತೀನಿ ಸರ್. ಥ್ಯಾಂಕ್ಸ್," ಎಂದು ಮಡಚಿ ಚೀಲಕ್ಕೆ ಹಾಕಿದಳು. ಅವಳ ಪಕ್ಕ ಕೂತಿದ್ದ ಹೆಂಗಸು ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದಳು.

ರೈಲಿನಲ್ಲಿ ಶ್ರೀಕಂಠ ಬಾಯಿ ಬಿಟ್ಟ. "ಬಿಟ್ಬಿಡು ಕಾಮಾಕ್ಷಿ. ಜೂಡೋ ಬೇಕಾದ್ರೆ ಮಾಡ್ಕೊ. ಇದೇನಿದು, ಊರೋರ ಹತ್ರ ಬೈಸ್ಕೊಳ್ಳೋದು?"

"ಮೈಸೂರಲ್ಲಿ ನಾನು ಆಡೋದು ನೋಡೋಕೆ ಹನ್ನೆರಡು ಜನ ಇರ್ತಿದ್ರು ರೀ. ಅದರಲ್ಲಿ ಒಬ್ರು ನಮ್ಮಪ್ಪ. ಇಲ್ಲಿ ನಾನೂರು ಜನ ಬರ್ತಾರೆ. ಬೈಯಲಿ ಬಿಡಿ."

"ನಾನು ಒಂದ್ಸಲ ಬಂದಿದ್ದೆ," ಎಂದ ಅವನು. "ನಿನಗೆ ಹೇಳಿರಲಿಲ್ಲ. ನನ್ನ ಪಕ್ಕದೋನು ನಿನ್ನನ್ನ ಏನೇನೋ ಅಂತಿದ್ದ. ಅರ್ಧಕ್ಕೇ ಎದ್ದು ಬಂದೆ."

"ಅವನಿಗೆ ಏನು ಹೇಳಿದ್ರಿ?"

ಅವನು ಕಿಟಕಿಯ ಕಡೆ ತಿರುಗಿದ.

ಹೊಸ ಇಸವಿ ಬಂತು. ಬ್ಯಾಂಕಿನ ಯಂತ್ರಗಳು ನಿಲ್ಲಲಿಲ್ಲ, ಶ್ರೀಕಂಠನ ಕೆಲಸ ನಿಂತಿತು. ಫೆಬ್ರವರಿಯಲ್ಲಿ ಕಂಪನಿ ಅವನನ್ನು ಬೆಂಗಳೂರಿಗೆ ವಾಪಸ್ ಕರೆಸಿಕೊಂಡಿತು. ತನಿಗುಚಿ ಅವಳಿಗೆ ಕಲಾವಿದರ ವೀಸಾ ಮಾಡಿಸಿಕೊಟ್ಟ. ಒಂದು ತಿಂಗಳಲ್ಲಿ ಬಂದುಬಿಡಬೇಕೆಂದು ಹೇಳಿ ಶ್ರೀಕಂಠ ವಿಮಾನ ಹತ್ತಿದ. ಅವಳು ಮಾರನೆಯ ದಿನ ಅಭ್ಯಾಸಕ್ಕೆ ಹೋದಳು.

ಮಾರ್ಚಿನಲ್ಲಿ ಫುಕುವೋಕಾದಲ್ಲಿ ದೊಡ್ಡ ಪಂದ್ಯ. ಕೋಬ್ರಾಳ ಎದುರು ಕುರೊಸಾಕಿ. ಸೋತವಳ ಕೂದಲನ್ನು ಗೆದ್ದವಳು ರಿಂಗಿನಲ್ಲೇ ಕತ್ತರಿಸಬೇಕು. ಸೋಲಬೇಕಾದವಳು ಕಾಮಾಕ್ಷಿ. ಜಡೆಯ ತುದಿಯಿಂದ ಒಂದು ಗೇಣು ಮಾತ್ರ ಕತ್ತರಿಸುವುದೆಂದು ತನಿಗುಚಿಯ ಎದುರಿಗೆ ಮಾತಾಗಿತ್ತು. ಕುರೊಸಾಕಿ ಗೋಣು ಹಾಕಿ ಒಪ್ಪಿದ್ದಳು.

ಪಂದ್ಯ ಮುಗಿಯಿತು. ಕಾಮಾಕ್ಷಿಯನ್ನು ರಿಂಗಿನ ನಡುವೆ ಕುರ್ಚಿಯ ಮೇಲೆ ಕೂರಿಸಿದರು. ಕುರೊಸಾಕಿ ಕತ್ತರಿಯನ್ನು ಎತ್ತಿ ಜನಕ್ಕೆ ತೋರಿಸಿದಳು. ಜನ ಚಪ್ಪಾಳೆ ತಟ್ಟತೊಡಗಿದರು. ಆಮೇಲೆ ಕಾಮಾಕ್ಷಿಯ ಕತ್ತಿನ ಹಿಂಬದಿಗೆ ತಣ್ಣನೆಯ ಕಬ್ಬಿಣ ತಾಗಿತು. ಬೇಡ ಎನ್ನುವಷ್ಟರಲ್ಲಿ ಮೂರು ಸಲ ಕತ್ತರಿ ಆಡಿತು, ಇಡೀ ಜಡೆ ಕುರೊಸಾಕಿಯ ಕೈಯಲ್ಲಿತ್ತು. ಅವಳು ಬಗ್ಗಿ, ಕೇಳಿಸುವ ಕಿವಿಯ ಬದಿಗೇ ಬಂದು ಹೇಳಿದಳು: "ಈಗಲಾದರೂ ಮನೆಗೆ ಹೋಗು."

ಕಾಮಾಕ್ಷಿ ಎದ್ದಳು. ಕುರೊಸಾಕಿಯ ತೋಳು, ಭುಜ ಎರಡನ್ನೂ ಹಿಡಿದು ಸೊಂಟದ ಮೇಲೆ ತಂದು ಎತ್ತಿ ಹಾಕಿದಳು. ನೆಲಕ್ಕೆ ಬಿದ್ದವಳ ಎದೆಯ ಮೇಲೆ ತನ್ನ ಭಾರವೆಲ್ಲ ಹಾಕಿ, ಕತ್ತನ್ನೂ ಕೈಯನ್ನೂ ಒಟ್ಟಿಗೆ ಬಿಗಿಹಿಡಿದಳು. ಜೂಡೋದಲ್ಲಿ ಹೀಗೆ ಇಪ್ಪತ್ತೈದು ಸೆಕೆಂಡು ಅದುಮಿಟ್ಟರೆ ಗೆಲುವು. ಕಾಮಾಕ್ಷಿ ಗಟ್ಟಿಯಾಗಿ ಕನ್ನಡದಲ್ಲಿ ಎಣಿಸಿದಳು: ಒಂದು, ಎರಡು, ಮೂರು. ಕುರೊಸಾಕಿ ಕಾಲು ಬಡಿದಳು, ಸೊಂಟ ತಿರುಚಿದಳು, ಬಿಡಿಸಿಕೊಳ್ಳಲು ಆಗಲಿಲ್ಲ. ಎಂಟರ ಹೊತ್ತಿಗೆ ಚಪ್ಪಾಳೆ ನಿಂತಿತು. ಹದಿನೈದರ ಹೊತ್ತಿಗೆ ಇದು ನಾಟಕವಲ್ಲವೆಂದು ಎಲ್ಲರಿಗೂ ಗೊತ್ತಾಗಿತ್ತು. ಇಪ್ಪತ್ತೈದಕ್ಕೆ ಕೈ ಬಿಟ್ಟು ಎದ್ದು, ಹಗ್ಗದ ಕೆಳಗಿಂದ ಇಳಿದು ಹೋದಳು. ಯಾರೂ ಬೈಯಲಿಲ್ಲ.

ತನಿಗುಚಿ ಅಂದೇ ಅವಳನ್ನು ತೆಗೆದುಹಾಕಿದ. "ತಾರೆಯ ಮಾನ ಕಳೆದೆ," ಎಂದ.

"ಮಾತು ಮುರಿದವಳು ಅವಳು."

"ಅವಳು ಮುರಿಯಬಹುದು. ನೀನು ಮುರಿಯುವ ಹಾಗಿಲ್ಲ."

ಅವಳು ಬೆಂಗಳೂರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದಳು. "ಕೂದ್ಲು ಬೆಳೆಯತ್ತೆ ಬಿಡು. ಈಗಲಾದ್ರೂ ಬಾ," ಎಂದ ಶ್ರೀಕಂಠ.

"ನೀವೂ ಅದೇ ಮಾತು ಹೇಳ್ತೀರಲ್ಲ," ಎಂದಳು ಅವಳು. "ಬರಲ್ಲ." ಎರಡು ವರ್ಷದ ಮೇಲೆ ವಿಚ್ಛೇದನದ ಕಾಗದ ಬಂತು. ಅದಕ್ಕೆ ರುಜು ಹಾಕಿ, ಅದೇ ದಿನ ಅಂಚೆಗೆ ಹಾಕಿದಳು.

ಫುಕುವೋಕಾದ ಇನ್ನೊಂದು ತಂಡ ಅವಳನ್ನು ಕರೆಯಿತು. ಆ ಇಪ್ಪತ್ತೈದು ಸೆಕೆಂಡಿನ ಸುದ್ದಿ ಅಷ್ಟು ಹೊತ್ತಿಗೆ ಊರೂರಿಗೆ ಮುಟ್ಟಿತ್ತು. ಅಲ್ಲೂ ಅವಳು ಕೆಟ್ಟವಳೇ. ಗಿಡ್ಡ ಕೂದಲಲ್ಲಿ ಇನ್ನಷ್ಟು ಕೆಟ್ಟವಳಾಗಿ ಕಂಡಳು. ಕ್ಯೂಶೂ ದ್ವೀಪದ ಊರುಗಳಲ್ಲಿ, ಶಾಲೆಗಳ ವ್ಯಾಯಾಮಶಾಲೆಗಳಲ್ಲಿ, ಮೀನು ಮಾರುಕಟ್ಟೆಯ ಹಿಂದಿನ ಬಯಲುಗಳಲ್ಲಿ ಬೈಸಿಕೊಂಡಳು. ಬೈಗುಳಗಳನ್ನು ಕೇಳಿ ಕೇಳಿಯೇ ಅವಳಿಗೆ ಜಪಾನಿ ಬಂತು.

2001ರಲ್ಲಿ ಎರಡು ತಂಡಗಳೂ ಬಡವಾಗಿದ್ದವು. ಯಜಮಾನರಿಬ್ಬರೂ ಕೂತು ಮಾತಾಡಿ ಕೋಬ್ರಾ ಮತ್ತು ಕುರೊಸಾಕಿಯ ಪಂದ್ಯವನ್ನು ಮತ್ತೆ ಇಟ್ಟರು. ಪಂದ್ಯಕ್ಕೆ ಮುಂಚೆ ಕುರೊಸಾಕಿ ಬಟ್ಟೆ ಬದಲಿಸುವ ಕೋಣೆಗೆ ಬಂದು ಬಾಗಿಲಲ್ಲೇ ನಿಂತಳು.

"ಅವತ್ತು ನಾನು ಮಾಡಿದ್ದು ತಪ್ಪು ಅಂತ ಹೇಳೋಕೆ ಬಂದಿಲ್ಲ," ಎಂದಳು.

"ಹೇಳಿದರೂ ನಾನು ಕೇಳುವುದಿಲ್ಲ," ಎಂದಳು ಕಾಮಾಕ್ಷಿ, ಬೂಟಿನ ದಾರ ಬಿಗಿಯುತ್ತ. "ನಿಮ್ಮ ಮುಖ ಕಂಡರೆ ನನಗಾಗದು."

"ನನಗೂ ಅಷ್ಟೇ. ಇವತ್ತು ನಿನ್ನನ್ನು ಮೇಲಿನಿಂದ ಎಸೆಯೋದಿದೆ. ತಲೆ ಒಳಗೆ ಮಡಿಸಿಕೋ. ಕತ್ತು ಮುರಿದರೆ ಮುಂದಿನ ತಿಂಗಳ ಪಂದ್ಯ ಇರಲ್ಲ."

ಅಂದು ಕುರೊಸಾಕಿ ಅವಳನ್ನು ತಲೆಯ ಮೇಲಕ್ಕೆ ಎತ್ತಿ, ಬೆನ್ನು ಸಮನಾಗಿ ನೆಲ ಮುಟ್ಟುವಂತೆ ಇಳಿಸಿದಳು. ಕಾಮಾಕ್ಷಿಯೂ ಅವಳನ್ನು ಹಾಗೆಯೇ ಎಸೆದಳು. ಒಂದು ಏಟೂ ಅಂಕೆ ಮೀರಲಿಲ್ಲ. ಜನ ಇಪ್ಪತ್ತೆರಡು ನಿಮಿಷ ಕುರ್ಚಿ ಮುಟ್ಟಲಿಲ್ಲ. ಆಟ ಮುಗಿದ ಮೇಲೆ ಇಬ್ಬರೂ ಕೈ ಕುಲುಕದೆ ಬೇರೆ ಬೇರೆ ಬಾಗಿಲಿಂದ ಹೋದರು.

ಎರಡು ವರ್ಷದಲ್ಲಿ ಹಾಗೆ ಹದಿನೇಳು ಪಂದ್ಯ ಆಡಿದರು. ಒಂದೇ ಬಸ್ಸಿನಲ್ಲಿ ಹೋಗಬೇಕಾಗಿ ಬಂದಾಗ ಒಬ್ಬಳು ಮುಂದೆ, ಒಬ್ಬಳು ಹಿಂದೆ ಕೂತರು.

2003ರ ಜೂನ್‌ನಲ್ಲಿ, ಬೇರೆ ಯಾರದೋ ಎದುರು ಆಡುವಾಗ, ಕಾಮಾಕ್ಷಿಯ ಬಲಮಂಡಿಯ ಲಿಗಮೆಂಟು ಹರಿದು ಆಟ ಅಲ್ಲಿಗೆ ನಿಂತಿತು. ಆಸ್ಪತ್ರೆಗೆ ತಂಡದ ಹುಡುಗಿಯರು ಹಣ್ಣು ತಂದರು. ಕುರೊಸಾಕಿ ಬರಲಿಲ್ಲ.

"ಬಂದ್ರೆ ಒಳಗೆ ಬಿಡಬೇಡಿ ಅಂತ ನರ್ಸಿಗೆ ಹೇಳಿಟ್ಟಿದ್ದೆ," ಎಂದಳು ಕಾಮಾಕ್ಷಿ, ವರ್ಷಗಳ ಮೇಲೆ ನನಗೆ ಈ ಕಥೆ ಹೇಳುವಾಗ. ಆಗ ಅವಳು ಫುಕುವೋಕಾದ ಒಂದು ಜೂಡೋ ಶಾಲೆಯಲ್ಲಿ ಮಕ್ಕಳಿಗೆ ಬೀಳುವುದನ್ನು ಕಲಿಸುತ್ತಿದ್ದಳು. ಕುರೊಸಾಕಿ ಇನ್ನೂ ಆಡುತ್ತಿದ್ದಾಳೆಯೇ ಎಂದು ಕೇಳಿದೆ. ಗೊತ್ತಿಲ್ಲ ಎಂದು ಹೇಳಿ, ಸಾಲು ತಪ್ಪಿ ನಿಂತಿದ್ದ ಮಕ್ಕಳನ್ನು ಗದರಿಸಲು ಎದ್ದು ಹೋದಳು.