ಬಾವಿಯಲ್ಲಿ ಕಲಿತ ಚಾಂಪಿಯನ್

ಐವತ್ಮೂರನೆಯ ವಯಸ್ಸಿನಲ್ಲಿ ಈಜುಕೊಳದ ಕಂಬಿಗೆ ಜೋತುಬಿದ್ದು "ನಾ ಒಲ್ಲೆ, ನಾ ಒಲ್ಲೆ" ಎಂದು ಹಟ ಮಾಡುವ ಹೆಂಗಸನ್ನು ನೀವು ನೋಡಿದ್ದೀರಾ? ಕಳೆದ ತಿಂಗಳು ಗದಗಿನಲ್ಲಿದ್ದಿದ್ದರೆ ನೋಡಬಹುದಿತ್ತು. ಆ ಹೆಂಗಸು ನಾನೇ.

ತಪ್ಪು ನನ್ನ ಮೊಣಕಾಲಿನದು. ಮೆಟ್ಟಿಲು ಹತ್ತುವಾಗ ಕಟಕಟ ಅನ್ನುತ್ತಿತ್ತು. ಡಾಕ್ಟರು ಎಕ್ಸ್‌ರೇ ನೋಡಿ, "ವಾಕಿಂಗ್ ಬಿಡ್ರಿ, ಸ್ವಿಮ್ಮಿಂಗ್ ಹಿಡೀರಿ" ಅಂದರು. ಹೇಳುವವರಿಗೇನು? ಬಚ್ಚಲುಮನೆಯ ಬಕೆಟ್‌ಗಿಂತ ದೊಡ್ಡ ನೀರಿಗೆ ನಾನು ಕೈ ಹಾಕಿದವಳಲ್ಲ. (ಗೋವಾಕ್ಕೆ ಹೋದಾಗಲೂ ಮರಳಿನ ಮೇಲೆ ಕುಳಿತು ಎಲ್ಲರ ಚಪ್ಪಲಿ ಕಾದಿದ್ದೆ.)

ಮುಂಜಾನೆಯ ಮಹಿಳಾ ಬ್ಯಾಚಿಗೆ ಸೇರಿದೆ. ಮೂರು ದಿನ ಸೊಂಟದಷ್ಟು ನೀರಿನಲ್ಲಿ ನಿಂತು, ಮುಖ ತೊಳೆದುಕೊಂಡು ಮನೆಗೆ ಬಂದೆ. ನಾಲ್ಕನೆಯ ದಿನ ಕೋಚ್ "ಈಗ ಕಾಲು ಎತ್ತ್ರಿ" ಅಂದರು. ಅಷ್ಟೇ. ಕಂಬಿ ಹಿಡಿದವಳು ಬಿಡಲೇ ಇಲ್ಲ.

ಕೋಚ್ ಹೆಸರು ರೇಣುಕಾ. ಬೆಟಗೇರಿಯ ನೇಕಾರರ ಮಗಳು. ನಲವತ್ತರ ಆಸುಪಾಸು, ಗಿಡ್ಡ ಆಳು, ಅಗಲ ಭುಜ. ಆಕೆ ಬೈಯಲಿಲ್ಲ. ನೀರಿನಲ್ಲಿ ನನ್ನ ಪಕ್ಕಕ್ಕೆ ಬಂದು ನಿಂತು ಕೇಳಿದರು.

"ಅಕ್ಕಾರ, ನೀವು ನೀರಿಗೆ ಅಂಜತೀರೋ, ಮಂದಿಗೆ ಅಂಜತೀರೋ?"

"ಎರಡಕ್ಕೂ."

"ಮಂದಿಗೆ ಅಂಜೂದು ನೀವು ಬಿಡ್ರಿ. ನೀರಿನ ಅಂಜಿಕಿ ನಾ ಬಿಡಸ್ತೀನಿ."

"ಈ ವಯಸ್ಸಿನಾಗ ಕಲ್ತು ಏನ್ ಮಾಡೂದೈತ್ರಿ ಮೇಡಂ? ಮೆಡಲ್ ತರಬೇಕೇನು?"

ಆಕೆ ನಗಲಿಲ್ಲ. "ಮೆಡಲ್ ನನ್ನ ಹತ್ರ ಒಂದು ಟ್ರಂಕ್ ತುಂಬ ಅದಾವ್ರಿ. ಅದಕ್ಕಲ್ಲ. ಕ್ಲಾಸ್ ಮುಗದ ಮ್ಯಾಲೆ ಸ್ವಲ್ಪ ಕುಂಡ್ರಿ, ಹೇಳ್ತೀನಿ."

ಕುಳಿತೆ. ತಲೆ ಒರೆಸಿಕೊಳ್ಳುತ್ತ ಆಕೆ ಹೇಳಿದ ಕಥೆ ಇದು.

ರೇಣುಕಾ ಈಜು ಕಲಿತದ್ದು ಹೊಂಬಳದಲ್ಲಿ, ಸೋದರಮಾವನ ಹೊಲದ ಬಾವಿಯಲ್ಲಿ. ಬೇಸಿಗೆ ರಜೆಗೆ ಹೋದ ಆರು ವರ್ಷದ ಹುಡುಗಿಯ ಬೆನ್ನಿಗೆ ಖಾಲಿ ಪ್ಲಾಸ್ಟಿಕ್ ಕ್ಯಾನ್ ಕಟ್ಟಿ ಮಾವ ನೀರಿಗೆ ಬಿಟ್ಟ. ವಾರದಲ್ಲಿ ಕ್ಯಾನ್ ಬಿಚ್ಚಿದ. ಮಾವ ಹೊಲದ ಕೆಲಸಕ್ಕೆ ಹೋದ ಮೇಲೆ ಬಾವಿಯ ಕಟ್ಟೆಯ ಮೇಲೆ ಕಾವಲು ಕೂರುತ್ತಿದ್ದವಳು ಅತ್ತೆ ನೀಲವ್ವ. ಹುಡುಗಿ ಬಾವಿಯನ್ನು ಒಂದು ಸುತ್ತು ಹಾಕಿದರೆ ನೀಲವ್ವ ಕಟ್ಟೆಯ ಮೇಲೆ ಒಂದು ಶೇಂಗಾ ಇಡುತ್ತಿದ್ದಳು. ಮೇಲೆ ಬಂದ ಮೇಲೆ ಎಷ್ಟು ಶೇಂಗಾ ಇವೆಯೋ ಅಷ್ಟೂ ಹುಡುಗಿಗೆ. ಮೊದಲ ವರ್ಷ ಹತ್ತು. ಆಮೇಲೆ ಒಂದು ಬೊಗಸೆ.

ಹನ್ನೆರಡನೆಯ ವಯಸ್ಸಿಗೆ ಶಾಲೆಯವರು ಜಿಲ್ಲಾ ಸ್ಪರ್ಧೆಗೆ ಕಳಿಸಿದರು. ರೇಣುಕಾ ಜೀವನದಲ್ಲಿ ಮೊದಲ ಸಲ ಈಜುಕೊಳ ನೋಡಿದ್ದು ಅಂದೇ. ಸೀಟಿ ಊದಿದರು, ಎಲ್ಲರಿಗಿಂತ ಮುಂದೆ ಹೋದಳು. ಆದರೆ ಬಾವಿಯಲ್ಲಿ ಸುತ್ತುತ್ತ ಕಲಿತವಳಿಗೆ ನೆಟ್ಟಗೆ ಹೋಗುವುದು ಗೊತ್ತಿದ್ದರೆ ತಾನೆ? ಎಡಕ್ಕೆ ತಿರುಗಿದಳು. ಪಕ್ಕದ ಲೇನಿಗೆ ನುಗ್ಗಿ ಇನ್ನೊಬ್ಬ ಹುಡುಗಿಗೆ ಡಿಕ್ಕಿ ಹೊಡೆದಳು. ಹೊರಗೆ ಹಾಕಿದರು.

"ಏನವಾ, ಬಾವ್ಯಾಗ ಈಸ್ತೀಯೇನು?" ಎಂದು ಒಬ್ಬರು ಕೇಳಿದರಂತೆ. ಎಲ್ಲರೂ ನಕ್ಕರು.

"ಹೌದ್ರಿ," ಅಂದಳು ರೇಣುಕಾ. ಅದು ಖರೆಯಾಗಿತ್ತಲ್ಲ.

ಬಸ್ಸಿನಲ್ಲಿ ಮನೆಗೆ ಬರುವಾಗ ಅಪ್ಪ ಒಂದೇ ಪ್ರಶ್ನೆ ಕೇಳಿದರು: "ಆ ಕೊಳ ಎಷ್ಟು ಉದ್ದ ಇತ್ತು?" ಐವತ್ತು ಮೀಟರ್. ಮಗ್ಗದ ಮುಂದೆ ಆಯುಷ್ಯ ಕಳೆದ ಮನುಷ್ಯ. ಮನಸ್ಸಿನಲ್ಲೇ ಲೆಕ್ಕ ಹಾಕಿ, "ಒಂಬತ್ತು ಸೀರಿ ಉದ್ದ" ಅಂದರು.

ಮುಂದಿನ ಭಾನುವಾರ ಮಗಳನ್ನು ಮೊಪೆಡ್ ಮೇಲೆ ಕೂರಿಸಿಕೊಂಡು ಡಂಬಳದ ಕೆರೆಗೆ ಹೋದರು. ಒಂಬತ್ತು ಸೀರೆ ಉದ್ದದ ನೈಲಾನ್ ಹಗ್ಗ ತಂದಿದ್ದರು. ದಂಡೆಯ ಪಕ್ಕದ ನೀರಿನಲ್ಲಿ ಎರಡು ಬಿದಿರು ನೆಟ್ಟು ಹಗ್ಗ ಎಳೆದು ಕಟ್ಟಿದರು. "ಇದನ್ನ ಬಿಟ್ಟು ಆಕಡಿ ಈಕಡಿ ಹೋಗಬ್ಯಾಡ." ಅಪ್ಪನಿಗೂ ಈಜು ಬಾರದು. ಆದರೂ ಮಗಳು ಹಗ್ಗದ ಗುಂಟ ಹೋದಂತೆ ಅವರು ದಂಡೆಯ ಗುಂಟ ನಡೆಯುತ್ತಿದ್ದರು. ಅತ್ತಿಂದಿತ್ತ, ಇತ್ತಿಂದತ್ತ. ಕೆರೆಯಲ್ಲಿ ನೀರಿದ್ದ ಒಂದು ಭಾನುವಾರವೂ ತಪ್ಪಿಸಲಿಲ್ಲ.

ಎರಡು ವರ್ಷಕ್ಕೆ ಜಿಲ್ಲೆಯಲ್ಲಿ ಮೊದಲು ಬಂದಳು. ಮತ್ತೆರಡು ವರ್ಷಕ್ಕೆ ರಾಜ್ಯದಲ್ಲಿ ಚಿನ್ನ. ಕಪ್ಪೆಯ ಹಾಗೆ ಕೈಕಾಲು ಬಿಡಿಸುತ್ತ ಹೋಗುವ ಬ್ರೆಸ್ಟ್‌ಸ್ಟ್ರೋಕ್ ಆಕೆಯದು. ಆ ಚಿನ್ನವನ್ನು ಸತತ ನಾಲ್ಕು ವರ್ಷ ಯಾರಿಗೂ ಬಿಟ್ಟುಕೊಡಲಿಲ್ಲ. ರಾಷ್ಟ್ರೀಯ ತಂಡದ ಕ್ಯಾಂಪಿಗೆ ಕರೆ ಬಂತು. ಊರು ಬಿಟ್ಟು ಹೋದಳು. ನೀಲವ್ವ ಒಂದು ಚೀಲ ಹುರಿದ ಶೇಂಗಾ ಕೊಟ್ಟು ಕಳಿಸಿದ್ದಳು.

ಆ ಚೀಲ ಖಾಲಿಯಾಗುವ ಮೊದಲೇ ಅಪ್ಪನ ಫೋನ್ ಬಂತು.

ನೀಲವ್ವ ಮಧ್ಯಾಹ್ನ ಕೊಡ ತುಂಬಲು ಬಾವಿಗೆ ಇಳಿದಿದ್ದಳು. ಪಾಚಿಗಟ್ಟಿದ ಮೆಟ್ಟಿಲಲ್ಲಿ ಕಾಲು ಜಾರಿತು. ಮಾವ ಗದಗಿನ ಮಾರುಕಟ್ಟೆಗೆ ಹೋಗಿದ್ದ. ಹೊಲದಲ್ಲಿ ಬೇರೆ ಯಾರೂ ಇರಲಿಲ್ಲ. ಈಜು ಬಾರದ ನೀಲವ್ವ ಮುಳುಗಿಹೋದಳು. ಮೆಟ್ಟಿಲು ನಾಲ್ಕೇ ಮೊಳ ದೂರದಲ್ಲಿತ್ತಂತೆ.

ಇಲ್ಲಿಗೆ ಬಂದಾಗ ರೇಣುಕಾ ತಲೆ ಒರೆಸುತ್ತಿದ್ದ ಟವೆಲ್ ಮಡಚಿ ಪಕ್ಕಕ್ಕಿಟ್ಟರು.

"ಅಕ್ಕಾರ, ಹತ್ತ ವರ್ಷ ನಾ ಅದೇ ಬಾವ್ಯಾಗ ಈಸೀನಿ. ಅತ್ತಿ ಕಟ್ಟಿ ಮ್ಯಾಲೆ ಕುಂತು ಎಣಿಸ್ತಿದ್ಲು. ಒಂದ್ ದಿನಾನೂ 'ಅತ್ತಿ, ನೀನೂ ಇಳಿ, ನಾ ಕಲಸ್ತೀನಿ' ಅನ್ನಲಿಲ್ಲ. ನನಗ ಅದು ಹೊಳೀಲೇ ಇಲ್ಲ. ಯಾರಿಗೂ ಹೊಳೀಲಿಲ್ಲ."

ಕ್ಯಾಂಪ್ ಬಿಟ್ಟು ಬಂದ ರೇಣುಕಾ ಇನ್ನು ನೀರಿಗೆ ಇಳಿಯುವುದಿಲ್ಲ ಎಂದು ಮನೆಯಲ್ಲಿ ಕುಳಿತಳು. ಅಪ್ಪ ಒತ್ತಾಯ ಮಾಡಲಿಲ್ಲ. "ಬ್ಯಾಡಂದ್ರ ಬ್ಯಾಡ. ಆದ್ರ ನೀಲವ್ವನ ಹೆಣ್ಮಕ್ಕಳು ಇಬ್ರೂ ನಾಳೆ ಅದೇ ಬಾವಿಗೆ ನೀರಿಗೆ ಹೋಗ್ತಾವ. ಅದರ ವಿಚಾರ ಏನ್ ಮಾಡೀದಿ?" ಎಂದು ಕೇಳಿ ಮಗ್ಗಕ್ಕೆ ಹೋಗಿ ಕುಳಿತರು.

ಮರುದಿನ ರೇಣುಕಾ ಹೊಂಬಳದ ಬಸ್ಸು ಹತ್ತಿದಳು. ಬಾವಿ ಮುಚ್ಚಿಸಲು ಹೊರಟಿದ್ದ ಮಾವನನ್ನು ತಡೆದಳು. ಅದೇ ಹಳೆಯ ಕ್ಯಾನ್ ಹುಡುಕಿ ತೆಗೆದು ಅತ್ತೆಯ ಮಗಳ ಬೆನ್ನಿಗೆ ಕಟ್ಟಿದಳು. ಹುಡುಗಿ ನಡುಗುತ್ತಿದ್ದಳು. ರೇಣುಕಾ ತಾನೂ ಜೊತೆಗೆ ನೀರಿಗಿಳಿದಳು. ಒಂದು ತಿಂಗಳಲ್ಲಿ ಇಬ್ಬರೂ ಕಲಿತರು. ಆಮೇಲೆ ತನ್ನ ಅವ್ವನನ್ನೂ ಇಳಿಸಿದಳು. ಅದಾದ ಮೇಲೆಯೇ ಕ್ಯಾಂಪಿಗೆ ಮರಳಿದ್ದು.

ಮುಂದಿನ ವರ್ಷ ರಾಷ್ಟ್ರೀಯ ಚಿನ್ನ ಗೆದ್ದಳು. ಬೆಟಗೇರಿಯಲ್ಲಿ ಸನ್ಮಾನ, ಶಾಲು, ಹಾರ, ಭಾಷಣ. ಎರಡು ಮಾತಾಡು ಅಂದರು. ರೇಣುಕಾ ಖರೆ ಎರಡೇ ಮಾತಾಡಿದಳು: "ಇಲ್ಲಿ ಕುಂತ ತಾಯಂದಿರಿಗೆ ಈಸಾಕ ಕಲಸಾಕ ನಾ ತಯಾರ್ ಅದೀನಿ. ಯಾರು ಬರ್ತೀರಿ?" ಚಪ್ಪಾಳೆ ಜೋರಾಗಿ ಬಿತ್ತು. ಬಂದವರು? ಯಾರೂ ಇಲ್ಲ.

ಇನ್ನೂ ಆರು ವರ್ಷ ಸ್ಪರ್ಧಿಸಿದರು. ಆಮೇಲೆ ಮೊಣಕಾಲು ಕೈಕೊಟ್ಟಿತು. (ಚಾಂಪಿಯನ್‌ಗೂ ನನಗೂ ಹೋಲಿಕೆ ಇರುವುದು ಇಷ್ಟರಲ್ಲೇ.) ದೊಡ್ಡ ಊರಿನಲ್ಲಿ ಕೋಚ್ ಕೆಲಸ ಸಿಗುತ್ತಿತ್ತು. ಗದಗಿಗೇ ಬಂದರು. ಮಹಿಳಾ ಬ್ಯಾಚ್ ಶುರುವಾದಾಗ ಮೂವರಿದ್ದರು, ಅವರಲ್ಲಿ ಇಬ್ಬರು ಅತ್ತೆಯ ಮಕ್ಕಳೇ. ಈಗ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಹಳ್ಳಿಗಳಿಂದ ಮೊದಲ ಬಸ್ಸಿಗೆ ಹೆಣ್ಣುಮಕ್ಕಳು ಬರುತ್ತಾರೆ. "ಇವತ್ತ ಹಳ್ಳಿಯಾಗ ಬಾವಿ ಕಡಿಮಿ ಆಗ್ಯಾವ, ಕೃಷಿಹೊಂಡ ಹೆಚ್ಚಾಗ್ಯಾವ," ಅಂದರು ರೇಣುಕಾ. "ಪ್ಲಾಸ್ಟಿಕ್ ಹಾಸಿರ್ತಾರ. ಕಾಲು ಜಾರಿದ್ರ ಹಿಡ್ಯಾಕ ಒಂದ್ ಕಲ್ಲೂ ಸಿಗಂಗಿಲ್ಲ."

ಮರುದಿನ ಕಂಬಿ ಬಿಟ್ಟೆ. ಧೈರ್ಯ ಬಂದು ಅಲ್ಲ, ನಾಚಿಕೆಯಾಗಿ. ಮೂಗಿಗೆ ನೀರು ಹೋಯಿತು, ಕೆಮ್ಮಿದೆ, ಮತ್ತೆ ಬಿಟ್ಟೆ. ಹದಿನೇಳನೆಯ ದಿನ ಬೆನ್ನ ಮೇಲೆ ತೇಲಿದೆ. ಮೊನ್ನೆ ಕೊಳದ ಅಗಲವನ್ನು ನಿಲ್ಲದೆ ದಾಟಿದೆ. ರೇಣುಕಾ ಶಭಾಷ್ ಅನ್ನಲಿಲ್ಲ. "ನಾಳೆ ಉದ್ದ," ಅಂದರು.

ಕ್ರೀಡಾಪಟುವಿನ ಬಗ್ಗೆ ಬರೆಯುವಾಗ ಪದಕ ಎಣಿಸಿ ಮುಗಿಸುವುದು ನಮ್ಮ ರೂಢಿ. ಗೆದ್ದವಳ ಫೋಟೋ ಶೇರ್ ಮಾಡುತ್ತೇವೆ, ಹೆಮ್ಮೆ ಪಡುತ್ತೇವೆ, ಮರೆಯುತ್ತೇವೆ. ಗೆದ್ದವಳು ತನಗೆ ಬರುವುದನ್ನು ನಮಗೆ ಕಲಿಸುತ್ತೇನೆ ಅಂದರೆ ಮಾತ್ರ "ನಮಗ್ಯಾಕವ್ವ, ಹುಡುಗ್ರಿಗೆ ಕಲಸು" ಎಂದು ಹಿಂದೆ ಸರಿಯುತ್ತೇವೆ.

ಹೊಲದ ಹೊಂಡಕ್ಕೆ ಪ್ಲಾಸ್ಟಿಕ್ ಹಾಸಿದ್ದೀರಿ, ಪಂಪು ಕೂರಿಸಿದ್ದೀರಿ, ಸುತ್ತ ತಂತಿ ಬೇಲಿಯನ್ನೂ ಹಾಕಿಸಿದ್ದೀರಿ, ಸರಿ. ಅದರ ದಂಡೆಯಲ್ಲಿ ದಿನಾ ಕೊಡ ಮುಳುಗಿಸುವವಳಿಗೆ ಈಜು ಬರುತ್ತದೆಯೇ ಎಂದು ಒಮ್ಮೆಯಾದರೂ ಕೇಳಿದ್ದೀರಾ?